ಹಾಲಿಲ್ಲದ ಕೆತ್ತೆ

ಹಾಲೆ ಮರದ ಕೆತ್ತೆಯನ್ನು, ಅಂದರೆ ತೊಗಟೆಯನ್ನು, ಉಗುರಿನಿಂದ ಒತ್ತಿದರೂ ಸಾಕು, ಹಾಲು ಬರುತ್ತದೆ. ಬೆರಳಿಗೆ ಅಂಟುತ್ತದೆ. ಒಣಗಿದ ಮೇಲೆ ಉಜ್ಜಿದರೆ ನೂಲಿನಂತೆ ಸುರುಳಿ ಸುರುಳಿಯಾಗಿ ಏಳುತ್ತದೆ. ಕಾಸರಕ ಮರಕ್ಕೆ ಹಾಲಿಲ್ಲ. ಅದು ವಿಷದ ಮರ. ಇಷ್ಟು ಗೊತ್ತಿದ್ದರೆ ಮಳೆಗಾಲದ ಆಟಿ ಅಮಾವಾಸ್ಯೆಯ ದಿನ ಹಾಲೆ ಕೆತ್ತೆಯ ಕಷಾಯ ಕುಡಿದು ಯಾರೂ ಆಸ್ಪತ್ರೆಗೆ ಹೋಗಬೇಕಾಗಿಲ್ಲ. ನನಗೆ ಗೊತ್ತಿತ್ತು. ಆದರೂ ಕಳೆದ ವರ್ಷ ನಮ್ಮ ಮನೆಯಲ್ಲಿ ಆದದ್ದು ಆಯಿತು. ಅದು ಹೇಗಾಯಿತು ಎಂದು ಜನರಿಗೆ ಹೇಳಿದ ಕತೆ ಒಂದು, ನಡೆದದ್ದು ಇನ್ನೊಂದು.

ನಾನು ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು. ನಾಲ್ಕು ಜನ ಸೇರಿದಲ್ಲಿ ನನಗೆ ಮಾತು ಬರುವುದಿಲ್ಲ. ಬಾಯಿಗೆ ಬಂದದ್ದು ಗಂಟಲಲ್ಲೇ ನಿಂತು, ಜನ ಎದ್ದು ಹೋದ ಮೇಲೆ ಹೊರಗೆ ಬರುತ್ತದೆ. ಅದಕ್ಕೇ ಮೊಮ್ಮಕ್ಕಳೇ, ನಿಮ್ಮಿಬ್ಬರಿಗೆ ಬರೆಯುತ್ತಿದ್ದೇನೆ. ದೊಡ್ಡವಳ ಹಳೆಯ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳು ಇದಕ್ಕೆ ಸಾಕು.

ನಿಮ್ಮ ಅಜ್ಜ ಮತ್ತು ನಾನು ಕಡಬದ ಹತ್ತಿರ ಒಂದು ಕ್ರೈಸ್ತ ಕುಟುಂಬದ ರಬ್ಬರ್ ತೋಟದಲ್ಲಿ ಟ್ಯಾಪಿಂಗ್, ಅಂದರೆ ಮರ ಗೀರಿ ಹಾಲು ಇಳಿಸುವ ಕೆಲಸ, ಮಾಡಿ ಬದುಕಿದವರು. ಕೇರಳದಿಂದ ಬಂದು ಗುಡ್ಡ ಕಡಿದು ರಬ್ಬರ್ ನೆಟ್ಟ ಮನೆಯವರು ಅವರು. ಆ ಮನೆಯ ಯಜಮಾನತಿಯನ್ನು ನಾನು ಅವರ ಭಾಷೆಯಲ್ಲೇ ಚೇಟತ್ತಿ, ಅಕ್ಕ, ಎಂದು ಕರೆಯುತ್ತಿದ್ದೆ. ಇಪ್ಪತ್ತೆರಡು ವರ್ಷ ದಿನವೂ ಮರದ ಹಾಲು ಮುಟ್ಟಿದ ಬೆರಳುಗಳು ಇವು. ಯಾವ ಮರ ಇವತ್ತು ಎಷ್ಟು ಹಾಲು ಕೊಡುತ್ತದೆ ಎಂದು ಗೀರಿದ ಪಟ್ಟೆ ಮುಟ್ಟಿ ಹೇಳುತ್ತಿದ್ದೆ. ಚೇಟತ್ತಿ ನಗುತ್ತಿದ್ದರು. “ನಿನಗೆ ಮರದ ನಾಡಿ ಸಿಗ್ತದಲ್ಲ ಮಾರಾಯ್ತಿ, ನನ್ನ ಮಂಡಿನೋವು ಒಮ್ಮೆ ಮುಟ್ಟಿ ನೋಡು.”

ಆಟಿ ಅಮಾವಾಸ್ಯೆಯ ಕೆತ್ತೆ ತರುವುದು ನಿಮ್ಮ ಅಜ್ಜನ ಕೆಲಸವಾಗಿತ್ತು. ಸೂರ್ಯ ಹುಟ್ಟುವ ಮೊದಲು ಹೋಗಬೇಕು, ಕಬ್ಬಿಣ ತಾಗಿಸಬಾರದು, ಕಲ್ಲಿನಿಂದ ಜಜ್ಜಿಯೇ ಕೆತ್ತೆ ಏಳಿಸಬೇಕು. ಮಸುಕಿನಲ್ಲಿ ಎಲ್ಲ ಮರವೂ ಒಂದೇ ಕಾಣುತ್ತದೆ. ಆದ್ದರಿಂದ ಅವರು ಹಿಂದಿನ ದಿನ ಬೆಳಕಿರುವಾಗಲೇ ಹೋಗಿ, ಬುಡದಿಂದ ತಲೆಯವರೆಗೆ ಮರ ನೋಡಿ, ಒಂದು ಕಡೆ ಗೀರಿ, ಹಾಲು ಕಂಡ ಮೇಲೆ ಅದರ ನಡುವಿಗೆ ಒಂದು ಬಳ್ಳಿ ಸುತ್ತಿ ಬರುತ್ತಿದ್ದರು. ಬೆಳಿಗ್ಗೆ ಹೋದಾಗ ಮೊದಲು ಕೈಯಿಂದ ಬಳ್ಳಿ ತಡವುವುದು, ಆಮೇಲೆ ಕಲ್ಲು ಎತ್ತುವುದು. ಇಷ್ಟನ್ನೂ ಮೊದಲ ವರ್ಷವೇ ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದ್ದರು. ಹೆಂಗಸರು ಹೋಗುವ ಕ್ರಮ ಇಲ್ಲ ಎಂದು ಯಾರೋ ಹೇಳಿದಾಗ, “ಕುಡಿಯುದು ಹೆಂಗಸರು ಮಕ್ಕಳೇ ಅಲ್ವಾ, ಅವರಿಗೆ ಗೊತ್ತಿರ್ಬೇಕು” ಎಂದಿದ್ದರು.

ಅವರು ತೀರಿಕೊಂಡ ಮೇಲೆ ನಾನು ಪುತ್ತೂರಿಗೆ, ಕೆದಂಬಾಡಿ ಕಡೆಗಿರುವ ನಿಮ್ಮ ಮನೆಗೆ ಬಂದೆ. ನಿಮ್ಮ ಅಪ್ಪ ಮನೆ ಮನೆಗೆ ಹೋಗಿ ಇನ್ವರ್ಟರ್, ಬ್ಯಾಟರಿ ಜೋಡಿಸುವವನು. ನಿಮ್ಮ ಅಮ್ಮ ಸುಳ್ಯದ ಕಡೆಯವಳು, ಅರೆಭಾಷೆಯ ಮನೆಯವಳು. ನಮ್ಮದು ತುಳು. ಹಾಗಾಗಿ ಮನೆಯಲ್ಲಿ ಎಲ್ಲರಿಗೂ ಸೇರಿ ಕನ್ನಡವೇ ಆಯಿತು. ಬಂದ ವಾರವೇ ನಿಮ್ಮ ಅಪ್ಪ ನನ್ನ ಕೈಗೆ ಒಂದು ಫೋನ್ ಕೊಟ್ಟ. ಸುಳ್ಳು ಹೇಳುವುದಿಲ್ಲ, ನನಗೆ ಅದು ಇಷ್ಟವಾಯಿತು. ಮಾತು ಬಾರದವಳಿಗೆ ಅದು ಒಳ್ಳೆಯ ಜೊತೆ. ಮುಖ ನೋಡಿ ನಗುವುದಿಲ್ಲ, ಎಷ್ಟು ಸಲ ಕೇಳಿದರೂ ಸಿಟ್ಟಾಗುವುದಿಲ್ಲ.

ಆಗ ನೀವಿಬ್ಬರೂ ಸೇರಿ ಒಂದು ಆಟ ಮಾಡಿದಿರಿ, ನೆನಪುಂಟಾ? “ಅಜ್ಜಿಯಾ ಫೋನಾ” ಎಂದು ಅದರ ಹೆಸರು. ಊಟಕ್ಕೆ ಕೂತಾಗ ಒಬ್ಬಳು ಪ್ರಶ್ನೆ ಹಾಕುವುದು, ಇನ್ನೊಬ್ಬಳು ಅದನ್ನು ಫೋನಿಗೆ ಕೇಳುವುದು, ನಾನು ಬಾಯಲ್ಲಿ ಹೇಳುವುದು. ನಿಮ್ಮ ಅಪ್ಪ ಅಂಪೈರ್. ಮೊದಮೊದಲು ನಾನೇ ಗೆಲ್ಲುತ್ತಿದ್ದೆ. ಗೇರುಬೀಜ ಹಣ್ಣಿನ ಒಳಗೋ ಹೊರಗೋ, ಕೆಸುವಿನ ತುರಿಕೆಗೆ ಎಂತ ಹಾಕಬೇಕು, ಇಂಥದ್ದು. ಆಮೇಲೆ ದೊಡ್ಡವಳು ಹುಷಾರಾದಳು.

“ಅಜ್ಜಿ, ಆಕ್ಟೋಪಸ್‌ಗೆ ಎಷ್ಟು ಹೃದಯ?”

“ಅದು ಎಂತದು?”

“ಸಮುದ್ರದಲ್ಲಿರುದು. ಎಂಟು ಕೈ ಉಂಟು.”

“ಕೈ ಎಷ್ಟಾದ್ರೂ ಇರ್ಲಿ, ಹೃದಯ ಒಂದೇ.”

“ಮೂರು! ಅಜ್ಜಿ ಔಟ್!” ಸಣ್ಣವಳು ತಟ್ಟೆಯ ಮೇಲೆ ಲೋಟ ಬಡಿದಳು. “ಅಜ್ಜಿ ಔಟ್, ಅಜ್ಜಿ ಔಟ್!”

ನಾನೂ ನಕ್ಕೆ. ನಿಜವಾಗಿ ನಗು ಬಂದಿತ್ತು. ಆದರೆ ದಿನಾ ಔಟಾಗುತ್ತ ಬಂದಾಗ ಏನಾಯಿತೆಂದರೆ, ಗೊತ್ತಿದ್ದದ್ದನ್ನು ಹೇಳುವಾಗಲೂ ನಾನು ಒಂದು ಕ್ಷಣ ನಿಲ್ಲತೊಡಗಿದೆ. ಒಂದು ದಿನ ಬೆಳಿಗ್ಗೆ ತೆಂಕಣ ಗಾಳಿ ಬೀಸಿದ್ದು ನೋಡಿ, ಬಟ್ಟೆ ಹೊರಗೆ ಹಾಕುವುದು ಬೇಡ ಎನಿಸಿತು. ನಿಮ್ಮ ಅಮ್ಮ ಫೋನ್ ನೋಡಿ, “ಇವತ್ತು ಮಳೆ ಇಲ್ಲ ಅತ್ತೆ” ಎಂದಳು. ಹಾಕಿದೆ. ಹನ್ನೊಂದು ಗಂಟೆಗೆ ಅಷ್ಟೂ ಬಟ್ಟೆ ಒದ್ದೆಯಾಯಿತು. ಆ ದಿನದ ಪಾಯಿಂಟು ಯಾರೂ ನನಗೆ ಕೊಡಲಿಲ್ಲ. ನಾನೂ ಕೇಳಲಿಲ್ಲ.

ಇದು ನನ್ನೊಬ್ಬಳ ಕತೆಯಲ್ಲ. ಒಮ್ಮೆ ಅಜ್ಜಾವರದ ನನ್ನ ತವರಿಗೆ ಎಲ್ಲರೂ ಹೋದೆವಲ್ಲ, ಅಲ್ಲಿ ದಾರಿಯಲ್ಲಿ ನೆಟ್‌ವರ್ಕ್ ಹೋಯಿತು. ಎರಡು ದಾರಿ ಕೂಡುವಲ್ಲಿ ನಿಮ್ಮ ಅಪ್ಪ ಗಾಡಿ ನಿಲ್ಲಿಸಿ ತಲೆ ಕೆರೆದುಕೊಂಡ. ಶಾಲೆಯ ರಜೆಯಲ್ಲೆಲ್ಲ ಅವನು ಓಡಾಡಿದ ದಾರಿ ಅದು, ಕಣ್ಣು ಮುಚ್ಚಿ ಹೋಗುತ್ತಿದ್ದ. “ಅಮ್ಮ, ಎಡಕ್ಕಾ ಬಲಕ್ಕಾ?” ಎಂದು ಕೇಳಿದ. ನಾನು ಹುಟ್ಟಿದ ಊರು. ನನಗೂ ಥಟ್ಟನೆ ಹೇಳಲಾಗಲಿಲ್ಲ. ಫೋನ್ ಹೇಳುತ್ತದೆಂದು ನಾನು ಹೊರಗೆ ನೋಡುವುದನ್ನೇ ಬಿಟ್ಟಿದ್ದೆ. ಇಬ್ಬರೂ ಮುಖ ಮುಖ ನೋಡಿ ನಕ್ಕೆವು. ಆವತ್ತು ನಗಬಾರದಿತ್ತು.

ಕಳೆದ ವರ್ಷ ಆಟಿ ಅಮಾವಾಸ್ಯೆಯ ಹಿಂದಿನ ಸಂಜೆ ನಿಮ್ಮ ಅಪ್ಪ ಮನೆಯ ಹಿಂದಿನ ಗುಡ್ಡೆಗೆ ಹೋಗಿ ಬಂದ. “ಮರ ನೋಡಿ ಬಂದೆ” ಎಂದ.

“ಬಳ್ಳಿ ಕಟ್ಟಿದೆಯಾ ಮಗಾ?”

“ಬಳ್ಳಿ ಎಂತಕ್ಕೆ ಅಮ್ಮ? ಎಲೆಯ ಫೋಟೋ ತೆಗ್ದು ಕೇಳಿದ್ದಕ್ಕೆ ಸಪ್ತಪರ್ಣಿ, ಅಂದ್ರೆ ಹಾಲೆ, ಅಂತ ಬಂತು. ಲೊಕೇಶನ್ ಹಾಕಿಟ್ಟಿದ್ದೇನೆ. ನಾಳೆ ಬೆಳಿಗ್ಗೆ ಅದೇ ಕರ್ಕೊಂಡು ಹೋಗ್ತದೆ.”

ಫೋಟೋ ತೋರಿಸಿದ. ಒಂದೇ ತೊಟ್ಟಿನ ಸುತ್ತ ಏಳು ಎಲೆ, ಹಾಲೆಯದ್ದೇ. ನನಗೆ ಸಮಾಧಾನವಾಯಿತು.

ಬೆಳಿಗ್ಗೆ ಬೆಳಕು ಹರಿಯುವಾಗ ಕೆತ್ತೆ ತಂದು ಅಡಿಗೆಮನೆಯ ಮೆಟ್ಟಿಲ ಮೇಲೆ ಇಟ್ಟ. ನಾನು ಹೊರಗಿನ ಸಿಪ್ಪೆ ಕೆರೆದು, ಓಮ, ಕಾಳುಮೆಣಸು, ಬೆಳ್ಳುಳ್ಳಿ ಹಾಕಿ ಒರಳಿನಲ್ಲಿ ಜಜ್ಜತೊಡಗಿದೆ. ಹಾಲೆಯ ಕೆತ್ತೆ ಜಜ್ಜುವಾಗ ಗುಂಡುಕಲ್ಲು ಒರಳಿಗೆ ಅಂಟಿ ಅಂಟಿ ಬರುತ್ತದೆ, ಕೈ ತೊಳೆದರೂ ಬೆರಳು ಬೆರಳಿಗೆ ಹಿಡಿದುಕೊಳ್ಳುತ್ತದೆ. ಇದು ಅಂಟಲಿಲ್ಲ. ಕೈ ಒಣಒಣ. ನಾನು ಜಜ್ಜುವುದು ನಿಲ್ಲಿಸಿ ಬೆರಳುಗಳನ್ನು ನೋಡಿಕೊಂಡೆ. ಹೆಬ್ಬೆರಳನ್ನು ತೋರುಬೆರಳಿಗೆ ಒತ್ತಿ ಬಿಡಿಸಿದೆ. ಮತ್ತೊಮ್ಮೆ ಒತ್ತಿದೆ.

“ಮಗಾ, ಇದು ಅಂಟುದಿಲ್ಲ ಅಲ್ವಾ?”

ಅವನು ಹಲ್ಲುಜ್ಜುತ್ತಿದ್ದ. ಬಾಯಿ ಮುಕ್ಕಳಿಸಿ ಬಂದು, ಫೋನ್ ತೆಗೆದು ಮತ್ತೆ ಅದೇ ಫೋಟೋ ಹಿಡಿದ. “ನೋಡಿ, ಸಪ್ತಪರ್ಣಿ. ಲೊಕೇಶನ್ ಕೂಡ ಅದೇ. ನಿಂತಲ್ಲಿಗೇ ತಂದು ನಿಲ್ಲಿಸಿದೆ. ಮಳೆಯಲ್ಲಿ ಹಾಲು ತೊಳೆದು ಹೋಗಿರ್ಬೇಕು.”

ನಿಮ್ಮ ಅಮ್ಮ ಒಳಗಿನಿಂದ, “ಮಕ್ಕಳಿಗೆ ಶಾಲೆಗೆ ಹೊತ್ತಾಯ್ತು ಅತ್ತೆ” ಎಂದಳು. ಸಣ್ಣವಳು ಬಾಗಿಲಲ್ಲಿ ನಿಂತು, “ಅಜ್ಜಿಯಾ ಫೋನಾ? ಫೋನೇ!” ಎಂದು ಕುಣಿದಳು.

ಮಳೆಗೆ ಮರದ ಹಾಲು ತೊಳೆದು ಹೋಗುವುದಿಲ್ಲ. ಆಟಿಯಲ್ಲಿ ಹಾಲೆಗೆ ಹಾಲು ಹೆಚ್ಚು. ಇಪ್ಪತ್ತೆರಡು ವರ್ಷ ಹಾಲು ಮುಟ್ಟಿದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಆ ಫೋಟೋ ನನ್ನ ಕಣ್ಣೆದುರಿಗಿತ್ತು, ಏಳು ಎಲೆ ಸ್ಪಷ್ಟವಾಗಿ ಕಾಣುತ್ತಿತ್ತು. ನನ್ನ ಬೆರಳು ಹೇಳಿದ್ದಕ್ಕೆ ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ರಸ ಹಿಂಡಿದೆ, ಬೆಣಚುಕಲ್ಲು ಕೆಂಪಗೆ ಕಾಯಿಸಿ ಅದರಲ್ಲಿ ಹಾಕಿದೆ, ಒಗ್ಗರಣೆ ಕೊಟ್ಟೆ.

ನಿಮ್ಮ ಅಪ್ಪ ಅರ್ಧ ಲೋಟ ಕುಡಿದ. ದೊಡ್ಡವಳು ಒಂದು ಗುಟುಕು ಬಾಯಿಗೆ ಹಾಕಿ ಬಚ್ಚಲಿಗೆ ಓಡಿ ಉಗಿದಳು. ನಿಮ್ಮ ಅಮ್ಮ ತುಟಿಗೆ ತಾಗಿಸಿ ಇಟ್ಟಳು. ಸಣ್ಣವಳು ಬೇಡ ಎಂದು ಅತ್ತಳು. ಅವಳನ್ನು ತೊಡೆಯ ಮೇಲೆ ಕೂರಿಸಿ, ಮೂಗು ಹಿಡಿದು, ಬೆಲ್ಲ ತೋರಿಸಿ, ಎರಡು ಚಮಚ ಬಾಯಿಗೆ ಹಾಕಿದವಳು ನಾನು. ಕೊನೆಗೆ ನನ್ನದು ಒಂದು ಬಾಯಿ. ಹಾಲೆಯ ಕಹಿ ನಾಲಿಗೆಯ ಮೇಲೆ ಇರುತ್ತದೆ, ಅದರ ಮೇಲೆ ಕುಡಿಯುವ ಮೆಂತೆ ಗಂಜಿ ಬಿದ್ದರೆ ಹೋಗುತ್ತದೆ. ಈ ಕಹಿ ಗಂಟಲಿಗೆ ಇಳಿದು ಅಲ್ಲಿ ಕೊಕ್ಕೆಯ ಹಾಗೆ ಹಿಡಿದುಕೊಂಡಿತು.

“ಉಗುಳಿ! ಎಲ್ಲರೂ ಉಗುಳಿ!” ಎಂದು ಕೂಗಿದೆ. ನನಗೆ ಅಷ್ಟು ದೊಡ್ಡ ಸ್ವರ ಇದೆಯೆಂದು ನನಗೇ ಗೊತ್ತಿರಲಿಲ್ಲ. ಸಣ್ಣವಳ ಬಾಯಿಗೆ ಬೆರಳು ಹಾಕಿದೆ. ಸ್ವಲ್ಪ ಬಂತು, ಪೂರ್ತಿ ಬರಲಿಲ್ಲ.

ಪುತ್ತೂರಿನ ಆಸ್ಪತ್ರೆಗೆ ಮುಟ್ಟುವಷ್ಟರಲ್ಲಿ ಸಣ್ಣವಳ ಕಾಲು ಕೋಲಿನಂತೆ ಸೆಟೆದಿತ್ತು. ಕತ್ತು ಹಿಂದಕ್ಕೆ ಎಳೆಯುತ್ತಿತ್ತು. ಯಾರಾದರೂ ಮುಟ್ಟಿದರೆ ಮೈಯಿಡೀ ಬೆಚ್ಚಿ ಬೀಳುತ್ತಿದ್ದಳು. ನಿಮ್ಮ ಅಪ್ಪನೂ ವಾಂತಿ ಮಾಡಿ ಗೋಡೆಗೆ ಒರಗಿದ್ದ. ಡಾಕ್ಟರ್ ಬಂದು ಕೇಳಿದರು, “ಯಾವ ಮರದ ಕೆತ್ತೆ? ಮರ ಗುರುತಿಸಿದ್ದು ಯಾರು?”

ನಾನು ಸಣ್ಣವಳ ಚಪ್ಪಲಿ ಕೈಯಲ್ಲಿ ಹಿಡಿದು ಮಂಚದ ಕಾಲಿನ ಹತ್ತಿರ ನಿಂತಿದ್ದೆ.

ನಿಮ್ಮ ಅಪ್ಪ ಹೇಳಿದ: “ಅಮ್ಮ ಮಾಡಿದ್ದು ಡಾಕ್ಟ್ರೇ. ಹಳೇ ಜನ. ಇದೆಲ್ಲ ಬೇಡ ಅಂದ್ರೆ ಕೇಳುದಿಲ್ಲ.”

ಡಾಕ್ಟರ್ ನನ್ನ ಕಡೆ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡಲು ಒಂದು ಬಾಗಿಲು ತೆರೆದ ಹಾಗಾಗುತ್ತಿತ್ತು. “ಅಜ್ಜಿ, ಇನ್ನು ಮೇಲೆ ಹೀಗೆಲ್ಲ ಮಾಡ್ಬೇಡಿ, ಆಯ್ತಾ?” ಎಂದು ಮಕ್ಕಳಿಗೆ ಹೇಳುವ ಹಾಗೆ ಹೇಳಿ ಹೋದರು. ನಾನು ತಲೆಯಾಡಿಸಿದೆ. ಮಗು ಬದುಕಿದರೆ ಸಾಕು, ತಪ್ಪು ಯಾರದ್ದಾದರೇನು ಎನಿಸಿತ್ತು ಆಗ. ಮೂರನೆಯ ದಿನ ಸಣ್ಣವಳು ಎದ್ದು ಕೂತು ಬಿಸ್ಕೆಟ್ ಕೇಳಿದಳು. ಆಮೇಲೆ ತಪ್ಪು ಯಾರದ್ದು ಎನ್ನುವುದು ಮೆಲ್ಲನೆ ದೊಡ್ಡದಾಗತೊಡಗಿತು.

ಮನೆಗೆ ಬಂದ ವಾರದಲ್ಲಿ ಚೇಟತ್ತಿ ಫೋನ್ ಮಾಡಿದರು. ನೆಲ್ಯಾಡಿಯಲ್ಲಿ ಮಗಳ ಮನೆಯಲ್ಲಿ ಇದ್ದಾರೆ ಈಗ.

“ನಿನಗೊಂದು ವಾಟ್ಸಾಪ್ ಕಳಿಸಿದ್ದೇನೆ, ಓದಿದೆಯಾ? ಪುತ್ತೂರು ಕಡೆಯ ಒಬ್ಬ ಅಜ್ಜಿ ಮರ ತಪ್ಪಿ ಮೊಮ್ಮಗಳಿಗೆ ಕಾಸರಕ ಕುಡಿಸಿದ್ದಂತೆ. ನೀನು ಜಾಗ್ರತೆ.”

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದೆ.

“ಹಲೋ? ಇದ್ದೀಯಾ?”

“ಆ ಅಜ್ಜಿ ನಾನೇ ಚೇಟತ್ತಿ.”

“ಸುಳ್ಳು,” ಎಂದರು. “ನಿನಗೆ ಹಾಲಿಲ್ಲದ ಮರ ಗೊತ್ತಾಗುದಿಲ್ವಾ? ಯಾರಿಗೆ ಹೇಳ್ತೀ? ನಾನು ನಂಬುದಿಲ್ಲ ಮಾರಾಯ್ತಿ.”

ಆ ಬರಹವನ್ನು ತೆರೆದು ಓದಿದೆ. ‘ಹಿರಿಯರ ಮಾತನ್ನು ಕುರುಡಾಗಿ ನಂಬಬೇಡಿ, ಮರ ಗುರುತಿಸುವಾಗ ಅವರಿಗೆ ಕಣ್ಣು ಮಂಜಾಗಿರುತ್ತದೆ’ ಎಂದಿತ್ತು. ಹೆಸರಿರಲಿಲ್ಲ. ಆದರೆ ಬೆಣಚುಕಲ್ಲು, ಬೆಲ್ಲ, ಎರಡು ಚಮಚ, ಎಲ್ಲ ಇತ್ತು. ಅದನ್ನು ಮೊದಲು ಬರೆದು ನೆಂಟರ ಗ್ರೂಪಿಗೆ ಹಾಕಿದ್ದು ನಿಮ್ಮ ಅಪ್ಪ ಎಂದು ನಿಮ್ಮ ಅಮ್ಮನನ್ನು ಕೇಳಿದಾಗ ಗೊತ್ತಾಯಿತು. ಎಷ್ಟೋ ಕೈ ದಾಟಿ, ಕಡಬ ಸುತ್ತಿ, ಅವನೇ ಕೊಡಿಸಿದ ಫೋನಿಗೆ ಅದು ಬಂದು ಬಿತ್ತು.

ಮರುದಿನ ಎಲ್ಲರೂ ಹೊರಗೆ ಹೋದ ಮೇಲೆ ಕೋಲು ಊರಿಕೊಂಡು ಗುಡ್ಡೆ ಹತ್ತಿದೆ. ಗೇರುಮರಗಳನ್ನು ದಾಟಿ ಒಂದು ಇಳಿಜಾರು, ಅಲ್ಲಿ ಹಾಲೆ ಮರ. ಕೆಳಗಿನ ಕೊಂಬೆ ನನ್ನ ಮುಖದ ಎತ್ತರಕ್ಕೆ ಚಾಚಿತ್ತು, ಏಳೇಳು ಎಲೆ. ಆ ಕೊಂಬೆಯ ತುದಿ ತಾಗುತ್ತಿದ್ದದ್ದು ಪಕ್ಕದ ಇನ್ನೊಂದು ಮರದ ಕಾಂಡಕ್ಕೆ. ಎರಡಕ್ಕೂ ನಡುವೆ ನನ್ನ ನಾಲ್ಕು ಹೆಜ್ಜೆ. ಕಲ್ಲಿನ ಗಾಯ ಇದ್ದದ್ದು ಆ ಪಕ್ಕದ ಮರಕ್ಕೆ, ಕಾಸರಕಕ್ಕೆ. ಹಾಲೆ ಮರವನ್ನು ಯಾರೂ ಮುಟ್ಟಿರಲಿಲ್ಲ. ಉಗುರಿನಿಂದ ಒತ್ತಿದೆ, ಹಾಲು ಬಂತು.

ಅಲ್ಲೇ ಕೂತು ಯೋಚಿಸಿದೆ. ಫೋನ್ ಸುಳ್ಳು ಹೇಳಿರಲಿಲ್ಲ. ಎಲೆ ತೋರಿಸಿದರು, ಎಲೆಯ ಹೆಸರು ಸರಿಯಾಗಿ ಹೇಳಿತು. ಜಾಗ ಕೇಳಿದರು, ಜಾಗಕ್ಕೆ ತಂದಿತು. ಆ ಎಲೆ ಯಾವ ಕೊಂಬೆಯದ್ದು, ಆ ಕೊಂಬೆ ಯಾವ ಬುಡದಿಂದ ಬಂತು ಎಂದು ತಲೆ ಎತ್ತಿ ನೋಡುವ ಕೆಲಸ ಮನುಷ್ಯನದ್ದು. ಬೆಳಿಗ್ಗೆ ಅವನ ಒಂದು ಕೈಯಲ್ಲಿ ಕಲ್ಲು, ಇನ್ನೊಂದು ಕೈಯಲ್ಲಿ ಟಾರ್ಚ್ ಹಾಕಿದ ಫೋನ್. ಮರ ಮುಟ್ಟಿ ನೋಡಲು ಕೈ ಉಳಿದಿರಲಿಲ್ಲ.

ಸಂಜೆ ನಿಮ್ಮ ಅಪ್ಪ ಬಂದು ಚಹಾ ಕುಡಿಯುವಾಗ ಹೇಳಿದೆ. ನಾಲ್ಕು ಮಾತು ಹೇಳಲು ಬೆಳಗಿನಿಂದ ಬಾಯಿಪಾಠ ಮಾಡಿದ್ದೆ. ಅವನು ಪೂರ್ತಿ ಕೇಳಿದ. ಲೋಟ ಕೆಳಗಿಟ್ಟ.

“ಗೊತ್ತುಂಟು ಅಮ್ಮ. ಆಸ್ಪತ್ರೆಯಿಂದ ಬಂದವನೇ ಹೋಗಿ ನೋಡಿದ್ದೆ.”

“ಮತ್ತೆ ಗ್ರೂಪಿಗೆ ಹಾಗೆ ಹಾಕಿದ್ದು?”

“ನಿಮ್ಮನ್ನಾದ್ರೆ ವಯಸ್ಸಾದವರು ಅಂತ ಜನ ಬಿಡ್ತಾರೆ. ನನ್ನ ಹೆಸರು ಬಂದ್ರೆ ಕರೆಂಟಿನ ಕೆಲಸಕ್ಕೆ ಯಾರು ಮನೆಯೊಳಗೆ ಬಿಡ್ತಾರೆ ಹೇಳಿ? ಮರ ಗೊತ್ತಾಗದವನಿಗೆ ವಯರ್ ಗೊತ್ತಾಗ್ತದಾ ಅಂತ ಕೇಳುದಿಲ್ವಾ?”

“ಮಕ್ಕಳಿಗಾದ್ರೂ ಹೇಳು ಮಗಾ.”

“ಈಗ ಯಾಕೆ ಅದೆಲ್ಲ? ಮರ್ತು ಬಿಡ್ತಾರೆ.” ಎಂದು ಫೋನ್ ನೋಡುತ್ತ ಎದ್ದು ಹೋದ. ಅವನನ್ನು ಹೆತ್ತವಳು ನಾನು. ಅವನು ಸುಳ್ಳು ಹೇಳುವಾಗ ಕಿವಿ ಕೆಂಪಾಗುವುದು ನನಗೆ ಗೊತ್ತು. ಆವತ್ತು ಕೆಂಪಾಗಲೂ ಇಲ್ಲ.

ನೀವು ಮರೆಯಲಿಲ್ಲ. ಅಂದಿನಿಂದ ನಾನು ಏನು ಬಡಿಸಿದರೂ ದೊಡ್ಡವಳು ಫೋನ್ ಎತ್ತುತ್ತಾಳೆ. ಒಂದೆಲಗದ ತಂಬುಳಿಗೆ ಒಮ್ಮೆ, ಕೆಸುವಿನ ಪತ್ರೊಡೆಗೆ ಒಮ್ಮೆ. ಕ್ಯಾಮೆರಾ ಹಿಡಿದು, ಓದಿ, ಆಮೇಲೆ ತುತ್ತು. ಅಕ್ಕ ಮಾಡಿದ ಹಾಗೆ ತಂಗಿ. ಅಕ್ಕ ‘ಹೂಂ’ ಎನ್ನುವವರೆಗೆ ಸಣ್ಣವಳು ಬಾಯಿ ತೆರೆಯುವುದಿಲ್ಲ. ನಿಮಗೆ ಅನ್ನ ಕಲಸಿ ಕೊಡುತ್ತಿದ್ದ ಕೈಯನ್ನು ನಾನು ಸೆರಗಿನಲ್ಲಿ ಒರೆಸಿಕೊಂಡು ಒಳಗೆ ಹೋಗುತ್ತಿದ್ದೆ. ಒಂದು ವರ್ಷ ಹಾಗೇ ಹೋಯಿತು. ನಿಮಗೆ ಸತ್ಯ ಗೊತ್ತಾದರೆ ಇದು ನಿಲ್ಲುತ್ತದೆ ಎಂದು ನಂಬಿಕೊಂಡಿದ್ದೆ.

ಕಳೆದ ಭಾನುವಾರ ಧೈರ್ಯ ಮಾಡಿದೆ. ದೊಡ್ಡವಳು ತಗತೆ ಸೊಪ್ಪಿನ ಪಲ್ಯಕ್ಕೆ ಫೋನ್ ಹಿಡಿದಿದ್ದಳು. ಸ್ನಾನಕ್ಕೆ ಹೋದ ಸಣ್ಣವಳು ಇನ್ನೂ ಬಂದಿರಲಿಲ್ಲ.

“ಆವತ್ತು ಮರ ಗುರುತು ಮಾಡಿದ್ದು ನಾನಲ್ಲ ಪುಟ್ಟಾ,” ಎಂದೆ.

ಅವಳು ಫೋನಿನಿಂದ ಕಣ್ಣು ತೆಗೆಯಲಿಲ್ಲ. “ಗೊತ್ತುಂಟು ಅಜ್ಜಿ. ಆ ಫೋಟೋ ತೆಗ್ದದ್ದೇ ನಾನು. ಆ ಸಂಜೆ ಶಾಲೆಯಿಂದ ಬರುವಾಗ ಅಪ್ಪನೊಟ್ಟಿಗೆ ನಾನೂ ಗುಡ್ಡೆಗೆ ಹೋಗಿದ್ದೆ. ಯಾರಿಗೂ ಹೇಳ್ಬೇಡ ಅಂತ ಅಪ್ಪ ಹೇಳಿದ್ರು.”

ನಾನು ಸೌಟನ್ನು ಪಾತ್ರೆಗೆ ಬಿಟ್ಟೆ. “ಮತ್ತೆ ನಾನು ಬಡಿಸಿದ್ದನ್ನು ಯಾಕೆ ದಿನಾ ಅದಕ್ಕೆ ಕೇಳುದು?”

ಅವಳು ತಲೆ ಎತ್ತಿದಳು. ಮುಖದಲ್ಲಿ ಆಶ್ಚರ್ಯ ಇತ್ತು, ನಾನು ಏನೋ ಕೇಳಬಾರದ್ದನ್ನು ಕೇಳಿದ ಹಾಗೆ. “ಅದಾ? ಅದು ಸುಮ್ಮನೆ ಅಜ್ಜಿ. ಅಭ್ಯಾಸ.”

ದೊಡ್ಡವಳೇ, ನೀನು ಸುಳ್ಳು ಹೇಳಲಿಲ್ಲ, ಅದು ನನಗೆ ಗೊತ್ತು. ಆದರೆ ಆ ಮಾತು ಆಸ್ಪತ್ರೆಯಲ್ಲಿ ನಿನ್ನ ಅಪ್ಪ ಹೇಳಿದ್ದಕ್ಕಿಂತ ಆಳಕ್ಕೆ ಇಳಿಯಿತು. ನಂಬಿಕೆ ಹೋಗಿ ಕೇಳುತ್ತಿದ್ದರೆ ಮತ್ತೆ ನಂಬಿಸಬಹುದಿತ್ತು. ನಾನು ಒಂದು ವರ್ಷ ಒಳಗೊಳಗೇ ಸುಟ್ಟುಕೊಂಡದ್ದು ನಿನ್ನ ಬೆರಳಿನ ಒಂದು ಅಭ್ಯಾಸಕ್ಕೆ. ಗೊತ್ತಿದ್ದೂ ಕೇಳುವುದು, ಕೇಳಿದ ಮೇಲೆ ಗೊತ್ತಿದ್ದದ್ದನ್ನು ಬಿಡುವುದು. ಒರಳಿನ ಮುಂದೆ ಕೂತು ನಾನು ಮಾಡಿದ್ದೂ ಅದನ್ನೇ. ಹಾಗಾಗಿ ನಿನಗೆ ಬೈಯಲು ನನಗೆ ಬಾಯಿಲ್ಲ. ನೋವು ಮಾತ್ರ ಇದೆ.

ಸಣ್ಣವಳೇ, ಆ ಕಹಿಯನ್ನು ಮೂಗು ಹಿಡಿದು ನಿನ್ನ ಬಾಯಿಗೆ ಹಾಕಿದ್ದು ನಾನು. ಬೆರಳು ಬೇಡ ಎಂದಿತ್ತು, ಹಾಕಿದೆ. ಮರ ತಪ್ಪಿದ್ದು ನಾನಲ್ಲ. ಎರಡೂ ನಿನಗೆ ತಿಳಿದಿರಲಿ. ಒಂದನ್ನು ಮಾತ್ರ ನೆನಪಿಟ್ಟುಕೊಳ್ಳಬೇಡ.

ನಿನ್ನೆ ನಿಮ್ಮ ಅಪ್ಪ, “ಈ ಸಲವೂ ಕಷಾಯ ಮಾಡ್ತೀರಲ್ಲ ಅಮ್ಮ, ಮರ ನೀವೇ ಬಂದು ತೋರಿಸಿ” ಎಂದ. ಮೆಲ್ಲಗೆ ಹೇಳಿದ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ತೋರಿಸುತ್ತೇನೆ ಎಂದೆ. ಅದಕ್ಕೆ ಮೊದಲು ‘ಕಳೆದ ಸಲ ಮರ ತಪ್ಪಿ ಕೆತ್ತೆ ತಂದದ್ದು ನಾನು, ಅಮ್ಮ ಅಲ್ಲ’ ಎಂದು ಮಕ್ಕಳಿಬ್ಬರ ಎದುರು ನೀನು ಹೇಳಬೇಕು, ನಿನ್ನ ನೆಂಟರ ಗ್ರೂಪಿನಲ್ಲಿಯೂ ಬರೆಯಬೇಕು ಎಂದೆ. ಮಧ್ಯದಲ್ಲಿ ನಿಲ್ಲದೆ ಪೂರ್ತಿ ಹೇಳಿದೆ.

“ನೋಡುವ,” ಎಂದ.

ನಾಳಿದ್ದು ಆಟಿ ಅಮಾವಾಸ್ಯೆ. ಅವನು ಇನ್ನೂ ಹೇಳಿಲ್ಲ.